ಲಾಕಿ ನನ್ನ ಅಡುಗೆಮನೆಯಲ್ಲಿ ಪಿಟೀಲು ಕಲಿಸಿದ ಮೂರು ವರ್ಷ

ಲಾಕಿಯನ್ನು ನಾನು ಮೊದಲು ನೋಡಿದ್ದು ನನ್ನ ಮದುವೆಯ ದಿನ, ಅರವತ್ತೆರಡನೇ ಇಸವಿ ಸೆಪ್ಟೆಂಬರ್ ಹದಿನೈದು, ಶನಿವಾರ. ನಾನು ಗಣಿ ಊರಿನವಳು. ಆರ್ಚಿಯನ್ನು ಮದುವೆಯಾಗಿ ಕೆನಡಾದ ಕೇಪ್ ಬ್ರೆಟನ್ ದ್ವೀಪದ ಈ ಬದಿಗೆ, ಮೀನುಗಾರರ ಊರಿಗೆ ಬಂದೆ. ಚರ್ಚಿನಲ್ಲಿ ಎಲ್ಲ ಮುಗಿಸಿ ಊರ ಹಾಲ್‌ಗೆ ಬಂದಾಗ ವೇದಿಕೆಯ ಮೇಲೆ ಪಿಟೀಲು ಹಿಡಿದು ಕೂತಿದ್ದವನು ಹದಿನಾರರ ಹುಡುಗ. ನುಡಿಸಬೇಕಿದ್ದವನು ಅವನ ಅಪ್ಪ ರೋರಿ. ರೋರಿಗೆ ಹಿಂದಿನ ದಿನ ಸೊಂಟ ಹಿಡಿದುಕೊಂಡಿತ್ತು.

ಆರ್ಚಿಯ ಸೋದರತ್ತೆ ಸುಮ್ಮನಿರುವವಳಲ್ಲ. "ಚೆನ್ನಾಯ್ತು, ಅಪ್ಪನ್ನ ಕರೆದ್ರೆ ಮೀಸೆ ಬಾರದ ಮಗನ್ನ ಕಳಿಸಿದ್ದಾರೆ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು.

"ಮೀಸೆಯಲ್ಲಿ ನುಡಿಸ್ತಾರಾ ಅತ್ತೆ?" ಅಂದ ಹುಡುಗ. "ಮೊದ್ಲು ಕುಣೀರಿ. ಕಾಲು ನೋವು ಬಂದ್ಮೇಲೆ ಬೈಯುವಿರಂತೆ."

ಹುಲ್ಲು ಕೊಯ್ಯುತ್ತಿದ್ದವನನ್ನು ಹಾಗೇ ಎಬ್ಬಿಸಿ ಕರೆತಂದಿದ್ದರು. ಬೂಟಿಗೆ ಹುಲ್ಲಿನ ಚೂರು ಅಂಟಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಎರಡೂ ಬೂಟುಗಳಿಂದ ಹಲಗೆಗೆ ತಾಳ ಹೊಡೆಯುತ್ತ ನುಡಿಸಿದ. ಆ ಪೆಟ್ಟು ಕಿವಿಗಿಂತ ಮೊದಲು ಅಂಗಾಲಿಗೆ ಬರುತ್ತಿತ್ತು. ನಾನು ಆ ಊರಿನ ಕುಣಿತ ಅರಿಯದವಳು, ಆದರೂ ಒಂದು ಹೆಜ್ಜೆ ತಪ್ಪಲಿಲ್ಲ. ನನ್ನ ಬಿಳಿ ಚಪ್ಪಲಿಯ ಹಿಮ್ಮಡಿ ಮುರಿಯುವವರೆಗೂ ಕುಣಿದೆ. ಸೋದರತ್ತೆ ಆಮೇಲೆ ಬೈಯಲಿಲ್ಲ.

ನಮ್ಮ ಊರಿನಲ್ಲಿ ಮನೆತನದ ಹೆಸರು ಮೂರೋ ನಾಲ್ಕೋ. ಅದನ್ನು ಹಿಡಿದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಅದಕ್ಕೇ ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ ಕರೆಯುತ್ತೇವೆ. ಅವನು ಲಾಕಿ ರೋರಿ ಸ್ಯಾಂಡಿ. ಸ್ಯಾಂಡಿಯೂ ಪಿಟೀಲಿನವನು, ರೋರಿಯೂ ಪಿಟೀಲಿನವನು. ಆ ಹೆಸರು ಹೇಳಿದರೆ ಸಾಕು, ಕುಣಿತಕ್ಕೆ ಯಾರನ್ನು ಕರೆಯಬೇಕು ಎಂದು ಯಾರೂ ಕೇಳುತ್ತಿರಲಿಲ್ಲ.

ಲಾಕಿ ಚಳಿಗಾಲದಲ್ಲಿ ರಸ್ತೆಯ ಹಿಮ ಸರಿಸುವ ಗಾಡಿ ಓಡಿಸುತ್ತಿದ್ದ, ಮೇ ಜೂನ್‌ನಲ್ಲಿ ಲಾಬ್‌ಸ್ಟರ್ ಹಿಡಿಯುವ ದೋಣಿಗೆ ಹೋಗುತ್ತಿದ್ದ. ಮದುವೆಯಾಗಲಿಲ್ಲ. ಯಾಕೆ ಎಂದರೆ, "ಗದ್ದ ಒಂದೇ ಇದೆ, ಅಲ್ಲಿ ಪಿಟೀಲು ಇದೆ," ಅನ್ನುತ್ತಿದ್ದ. ಶನಿವಾರ ಬೆಳಿಗ್ಗೆ ಹಾಲ್‌ನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ. ಮೂವತ್ತೊಂದು ವರ್ಷ ಕಲಿಸಿದ. ಹಾಲ್ ಗುಡಿಸುವ ಕೆಲಸ ನನ್ನದಾಗಿತ್ತು, ಹಾಗಾಗಿ ಹೆಚ್ಚಿನದನ್ನು ನೋಡಿದ್ದೇನೆ. ಕಾಗದ ಇಲ್ಲ, ಬರೆದದ್ದು ಇಲ್ಲ. ಮಕ್ಕಳು ಅವನ ಸುತ್ತ ಬೆಂಚಿನಲ್ಲಿ ಕೂರುತ್ತಿದ್ದರು. ಅವನು ನುಡಿಸುತ್ತಿದ್ದ, ಅವು ಜೊತೆಗೆ ನುಡಿಸುತ್ತಿದ್ದವು, ತಪ್ಪಿದರೆ ಹುಬ್ಬು ಎತ್ತುತ್ತಿದ್ದ. ಇಷ್ಟೇ ಪಾಠ. ಕಾಲು ಹೊಡೆ ಎಂದು ಒಂದು ಮಗುವಿಗೂ ಅವನು ಹೇಳಿದ್ದು ನಾನು ಕೇಳಿಲ್ಲ. ಎರಡನೇ ತಿಂಗಳಿಗೆ ಎಲ್ಲ ಮಕ್ಕಳ ಕಾಲೂ ತಾನಾಗಿ ಆಡುತ್ತಿತ್ತು.

ಕೊರೋನಾ ಬಂದ ವರ್ಷ ಹಾಲ್‌ಗೆ ಬೀಗ ಬಿತ್ತು. ಅಷ್ಟರಲ್ಲಿ ಲಾಕಿಗೆ ಎಪ್ಪತ್ತನಾಲ್ಕು, ಬೆರಳ ಗೆಣ್ಣುಗಳು ಊದತೊಡಗಿದ್ದವು. ಊರಿನಲ್ಲಿ ಕುಣಿತಕ್ಕೆ ನುಡಿಸಬಲ್ಲವನು ಅವನೊಬ್ಬನೇ ಉಳಿದಿದ್ದ. ಕಲಿತವರೆಲ್ಲ ಕೆಲಸ ಹುಡುಕಿಕೊಂಡು ಹೊರಗೆ ಹೋಗಿದ್ದರು. ಅವನ ಕಾಲ ಮುಗಿದ ಮೇಲೆ ಸ್ಪೀಕರ್ ಡಬ್ಬಿ ಇಟ್ಟು ಕುಣಿಯುವುದು ಎಂದು ಹಾಲ್ ಸಮಿತಿಯವರು ಮಾತಾಡಿಕೊಂಡಿದ್ದರು. ಅದು ಅವನ ಕಿವಿಗೆ ಬಿದ್ದಿತ್ತು. ತನ್ನ ಕುರ್ಚಿಯಲ್ಲಿ ಕೂರುವ ಒಂದು ಮಗುವನ್ನು ಸಾಯುವುದರೊಳಗೆ ತಯಾರು ಮಾಡಬೇಕು. ಅವನಿಗೆ ಇದ್ದ ಆಸೆ ಅದೊಂದೇ.

ಇಂಟರ್‌ನೆಟ್ಟಿನ ತಂತಿ ದೊಡ್ಡ ರಸ್ತೆಗುಂಟ ಮಾತ್ರ ಬಂದಿತ್ತು. ಲಾಕಿಯ ಮನೆ ಗುಡ್ಡದ ಮೇಲೆ, ಕಂಪನಿಯವರು ಅಲ್ಲಿಗೆ ಹತ್ತಲಿಲ್ಲ. ನನ್ನ ಮನೆ ರಸ್ತೆಗೇ ಇದೆ, ಆರ್ಚಿ ತೀರಿಕೊಂಡ ಮೇಲೆ ಅಲ್ಲಿ ನಾನೊಬ್ಬಳೇ. ಭಾನುವಾರ ನನ್ನ ಮುಖ ನೋಡಬೇಕೆಂದು ತಂಗಿಯ ಮಗಳು ವರ್ನಾ ಒಂದು ಕಂಪ್ಯೂಟರ್ ತಂದಿಟ್ಟು ಹೋಗಿದ್ದಳು. ಪರದೆಯ ಅಕ್ಷರ ಓದಲು ನನಗೆ ಹೊತ್ತು ಹಿಡಿಯುತ್ತದೆ, ಹಸಿರು ಗುಂಡಿ ಒತ್ತುವುದು ಗೊತ್ತಿತ್ತು. ಎರಡು ಮನೆಯವರು ಒಟ್ಟಿಗೆ ಸೇರಬಹುದು ಎಂದು ಸರ್ಕಾರ ಹೇಳಿದ ವಾರವೇ ಲಾಕಿ ಬಾಗಿಲಿಗೆ ಬಂದ.

"ಮರ್ಡೀನಾ, ನಿನ್ನ ಡಬ್ಬಿಯಲ್ಲಿ ಮಕ್ಕಳು ಕಾಣ್ತಾರಂತಲ್ಲ?"

"ಕಾಣ್ತಾರೆ. ನಿನ್ನ ಮುಖವೂ ಅವರಿಗೆ ಕಾಣುತ್ತೆ, ಗಡ್ಡ ಹೆರ್ಕೊಂಡು ಬಾ."

ಆ ಫೆಬ್ರವರಿಯಲ್ಲಿ ನಾನು ಅಡುಗೆಮನೆಗೆ ಹೊಸ ನೆಲ ಹಾಕಿಸಿದ್ದೆ, ಮೇಪಲ್ ಹಲಗೆಯದು. ನಲವತ್ತು ವರ್ಷ ಸವೆದ ರೆಗ್ಜಿನ್ ಹಾಸು ತಿಕ್ಕಿದವಳಿಗೆ ಅದು ದೊಡ್ಡದು. ಯಾರ ಮನೆಗೆ ಹೋದರೂ ನಮ್ಮಲ್ಲಿ ಬಾಗಿಲಲ್ಲೇ ಬೂಟು ಬಿಚ್ಚುತ್ತಾರೆ. ಮೊದಲ ದಿನ ಪಾಠದ ಆತುರದಲ್ಲಿ ಲಾಕಿ ಬೂಟಿನಲ್ಲೇ ಎರಡು ಹೆಜ್ಜೆ ಒಳಗೆ ಬಂದ. ನಾನು ನೆಲ ನೋಡಿದೆ. ಅವನು ಹಿಂದೆ ಹೋಗಿ ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ಬಂದು ಕೂತ. ಆಮೇಲೆ ಮೂರು ವರ್ಷ ನಾನು ನೆಲ ನೋಡಬೇಕಾಗಿ ಬರಲಿಲ್ಲ.

ಮೊದಲ ಪಾಠಕ್ಕೆ ಹನ್ನೊಂದು ಮಕ್ಕಳು. ಹೊರಗೆ ಹೋದವರ ಮಕ್ಕಳು, ಎಲ್ಲೆಲ್ಲಿಯವೋ. ಹಾಲ್‌ನಲ್ಲಿ ಮಾಡುತ್ತಿದ್ದ ಹಾಗೆಯೇ ಅವನು ತಲೆ ಅಲ್ಲಾಡಿಸಿ ಶುರು ಮಾಡಿದ, ಹನ್ನೊಂದೂ ಜೊತೆಗೆ ಶುರು ಮಾಡಿದವು. ನನ್ನ ಬೆಕ್ಕು ಒಲೆಯ ಹಿಂದೆ ಓಡಿಹೋಯಿತು. ವರ್ನಾಗೆ ಫೋನ್ ಮಾಡಿದೆ.

"ದೊಡ್ಡಮ್ಮಾ, ಸದ್ದು ತಡವಾಗಿ ಹೋಗುತ್ತೆ, ತಡವಾಗಿ ಬರುತ್ತೆ. ಜೊತೆಗೆ ನುಡಿಸೋಕೆ ಆಗೋದೇ ಇಲ್ಲ. ಒಬ್ಬೊಬ್ಬರೇ ನುಡಿಸ್ಬೇಕು, ಉಳಿದವರು ಬಾಯಿ ಮುಚ್ಕೊಂಡಿರ್ಬೇಕು."

"ಇದೆಂಥ ಪಾಠ?" ಅಂದ ಲಾಕಿ. "ಒಬ್ಬ ಉಣ್ಣೋದು, ಹತ್ತು ಜನ ನೋಡೋದು?"

ಒಂದೊಂದೇ ಮಗು ಬಿಟ್ಟುಹೋಯಿತು. ಎರಡನೇ ವರ್ಷದ ಹೊತ್ತಿಗೆ ಉಳಿದವಳು ಒಬ್ಬಳು, ಐಲ್ಸಾ. ನಮ್ಮ ಊರಿನ ಶೋನಾಳ ಮಗಳು. ಮೀನಿನ ಕಾರ್ಖಾನೆ ಮುಚ್ಚಿದಾಗ ಶೋನಾ ಗಂಡನ ಜೊತೆ ದೇಶದ ಪಶ್ಚಿಮಕ್ಕೆ, ಆಲ್ಬರ್ಟಾದ ಎಣ್ಣೆ ಬಾವಿಗಳ ಕಡೆ ಹೋದವಳು. ಮಗು ಹುಟ್ಟಿದ್ದು ಅಲ್ಲಿ. ಮೊದಲ ಪಾಠದಲ್ಲಿ ಐಲ್ಸಾಗೆ ಒಂಬತ್ತು ವರ್ಷ. ಮಂಗಳವಾರ ನಮಗೆ ಸಂಜೆ ಏಳಾದಾಗ ಅವಳಿಗೆ ನಾಲ್ಕು. ಶಾಲೆಯಿಂದ ಬಂದು ಚೀಲ ಬಿಸಾಕಿ ಕೂರುತ್ತಿದ್ದಳು. ಒಂದು ಮಂಗಳವಾರವೂ ತಪ್ಪಿಸಲಿಲ್ಲ. ಜ್ವರ ಇದ್ದಾಗ ಕಂಬಳಿ ಹೊದ್ದು ಬಂದಳು.

ಅಂಗಡಿಯಲ್ಲಿ ಬ್ಲಾಂಚ್ ನನ್ನನ್ನು ಹಿಡಿದಳು. ಹಾಲ್‌ನಲ್ಲಿ ಪಿಯಾನೋ ನುಡಿಸುವವಳು ಅವಳು. "ಏನ್ ಮರ್ಡೀನಾ, ಪ್ರತಿ ಮಂಗಳವಾರ ಲಾಕಿ ನಿನ್ನ ಬಾಗಿಲಲ್ಲಿ ಬೂಟು ಬಿಚ್ತಾನಂತೆ?"

"ಬೂಟು ಮಾತ್ರ ಬಿಚ್ತಾನೆ ಬ್ಲಾಂಚ್. ನಂಬಿಕೆ ಇಲ್ದಿದ್ರೆ ಬಂದು ಕಾವಲು ಕೂತ್ಕೋ."

ಪಾಠ ನಡೆಯುವಾಗ ನಾನು ಒಲೆಯ ಹತ್ತಿರ ಹೆಣೆಯುತ್ತ ಕೂರುತ್ತಿದ್ದೆ. ಪರದೆಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಲಾಕಿಯ ಸೊಂಟದಿಂದ ಮೇಲಿನದು: ಪಿಟೀಲು, ಕಮಾನು, ಬೆರಳು, ಹುಬ್ಬು. ಅವನು ಒಂದು ಸಾಲು ನುಡಿಸುತ್ತಿದ್ದ, ಅವಳು ಕೇಳುತ್ತಿದ್ದಳು. ಅವಳು ನುಡಿಸುತ್ತಿದ್ದಳು, ಇವನು ಕೇಳುತ್ತಿದ್ದ. ಮೂರು ವರ್ಷದಲ್ಲಿ ಅವರಿಬ್ಬರು ಒಂದು ಸಾಲನ್ನೂ ಜೊತೆಗೆ ನುಡಿಸಲಿಲ್ಲ. ಹಾಗಿದ್ದೂ ರೋರಿಯ ಮಟ್ಟುಗಳು, ಸ್ಯಾಂಡಿಯ ಮಟ್ಟುಗಳು ಒಂದೊಂದಾಗಿ ಅವಳ ಕೈಗೆ ಹೋದವು. ನಾನು ಎಣಿಸಿದ್ದೇನೆ, ನಲವತ್ತಮೂರು. ಬೆರಳಿನ ಸಣ್ಣ ಕುಲುಕು ಕೂಡ ಬಿಡದೆ ಹಿಡಿದಳು.

ಒಂದು ಕೊರತೆ ಇತ್ತು. ಪ್ರತಿ ಸಾಲಿನ ಕೊನೆಯಲ್ಲಿ ಅವಳು ಅರ್ಧ ಉಸಿರಿನಷ್ಟು ನಿಲ್ಲುತ್ತಿದ್ದಳು. ಕಷ್ಟದ ಜಾಗ ಬಂದರೆ ನಿಧಾನವಾಗುತ್ತಿತ್ತು, ಸುಲಭದ ಜಾಗ ಬಂದರೆ ಓಡುತ್ತಿತ್ತು.

"ತಾತಾ, ಸರಿಯಾಯ್ತಾ?" ಎಂದು ಕೇಳುತ್ತಿದ್ದಳು.

"ಸರಿಯಾಯ್ತು ಪುಟ್ಟಿ. ನಡುವೆ ಎಳೆದಾಡ್ತಿರೋದು ಈ ಇಂಟರ್‌ನೆಟ್ ತಂತಿ, ನೀನಲ್ಲ."

ಅವನು ಅದನ್ನು ನಂಬಿದ್ದ. ನನಗೂ ಹಾಗೇ ಅನ್ನಿಸಿತ್ತು, ಯಾಕೆಂದರೆ ಭಾನುವಾರ ವರ್ನಾಳ ಮಾತು ಕೂಡ ಹಾಗೆಯೇ ತಡೆತಡೆದು ಬರುತ್ತಿತ್ತು. ಒಂದು ಸಾರಿ ಐಲ್ಸಾ ತಾನಾಗಿ, "ತಾತಾ, ನಾನೇ ನಿಲ್ತಿದ್ದೀನಿ ಅನ್ಸುತ್ತೆ," ಅಂದಳು. "ನನ್ನ ಕಿವಿಗೆ ಅರವತ್ತು ವರ್ಷ ಅನುಭವ ಇದೆ, ನಿನ್ನ ಕಿವಿಗೆ ಎಷ್ಟು?" ಅಂದ. ಹುಡುಗಿ ನಕ್ಕು ಮತ್ತೆ ಕಮಾನು ಎತ್ತಿದಳು.

ಇಪ್ಪತ್ತಮೂರನೇ ಇಸವಿಯ ಜುಲೈಗೆ ಶೋನಾ ಮಗಳನ್ನು ಕರೆದುಕೊಂಡು ಬರುತ್ತೇನೆ ಅಂದಳು. ಆ ತಿಂಗಳ ಕೊನೆಯ ಭಾನುವಾರ ಚರ್ಚಿನ ಬೇಸಿಗೆ ಊಟ, ಮಧ್ಯಾಹ್ನ ಹಾಲ್‌ನಲ್ಲಿ ಕುಣಿತ. ಲಾಕಿ ಸಮಿತಿಯವರ ಮುಂದೆ ಹೋಗಿ ನಿಂತ.

"ಈ ಸಲ ನನ್ನ ಕುರ್ಚಿಯಲ್ಲಿ ನನ್ನ ಹುಡುಗಿ ಕೂರ್ತಾಳೆ. ನಿಮ್ಮ ಸ್ಪೀಕರ್ ಡಬ್ಬಿ ಅಂಗಡಿಯಲ್ಲೇ ಇರ್ಲಿ."

"ಒಂದ್ಸಲ ನಮ್ಮ ಜೊತೆ ನುಡಿಸಿ ನೋಡ್ಲಿ ಲಾಕಿ," ಅಂದಳು ಬ್ಲಾಂಚ್.

"ಮೂರು ವರ್ಷ ಕೇಳಿದ್ದೀನಿ. ಇನ್ನೇನು ನೋಡೋದು?"

ಅವರ ವಿಮಾನ ತಡವಾಗಿ ಶನಿವಾರ ಮಲಗುವ ಹೊತ್ತಿಗೆ ಮುಟ್ಟಿದರು. ಭಾನುವಾರ ಬೆಳಿಗ್ಗೆ ಚರ್ಚು, ಆಮೇಲೆ ಊಟ. ಐಲ್ಸಾಗೆ ಆಗ ಹನ್ನೆರಡು. ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರ ಬೆಳೆದಿದ್ದಳು. ಲಾಕಿಯನ್ನು ನೋಡಿ ಓಡಿ ಬಂದು ತಬ್ಬಿಕೊಂಡಳು. ಅವನು ಎರಡೂ ಕೈ ಬದಿಗೆ ಇಳಿಬಿಟ್ಟು ಮರದ ಹಾಗೆ ನಿಂತ. ಅವನನ್ನು ಯಾರೂ ಹಾಗೆ ತಬ್ಬಿದವರಿರಲಿಲ್ಲ.

ಕುಣಿತಕ್ಕೆ ಎಂಟು ಗುಂಪು ನಿಂತವು, ಗುಂಪಿಗೆ ನಾಲ್ಕು ಜೋಡಿ. ಮೊದಲ ಕುಣಿತ ನಿಧಾನದ್ದು. ಐಲ್ಸಾ ಕುರ್ಚಿಯಲ್ಲಿ ನೆಟ್ಟಗೆ ಕೂತು ನುಡಿಸಿದಳು, ಎರಡು ಪಾದಗಳೂ ಜೋಡಿಸಿಟ್ಟಂತೆ ನೆಲದ ಮೇಲಿದ್ದವು. ಬ್ಲಾಂಚ್ ಪಿಯಾನೋದಲ್ಲಿ ಹೇಗೋ ಎತ್ತಿಕೊಂಡು ನಡೆಸಿದಳು. ಜನ ಚಪ್ಪಾಳೆ ತಟ್ಟಿದರು. ಶೋನಾ ಅಳುತ್ತಿದ್ದಳು. ಎರಡನೆಯದರಲ್ಲಿ ಹೆಜ್ಜೆಗಳು ಅಲ್ಲಲ್ಲಿ ತಡವರಿಸಿದವು. ಮೂರನೆಯದು ವೇಗದ್ದು, ಅಲ್ಲಿ ಮರೆಮಾಚಲು ಜಾಗವಿಲ್ಲ. ಮೊದಲ ಸಾಲು ಮುಗಿಯಿತು, ಅರ್ಧ ಉಸಿರು ನಿಂತಳು. ಆ ಅರ್ಧ ಉಸಿರು ನನಗೆ ಚೆನ್ನಾಗಿ ಗುರುತಿತ್ತು. ಈ ಹಾಲ್‌ನಲ್ಲಿ ನಡುವೆ ಯಾವ ಇಂಟರ್‌ನೆಟ್ ತಂತಿಯೂ ಇರಲಿಲ್ಲ.

ಎತ್ತಿದ ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಅರವತ್ತನಾಲ್ಕು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಒಬ್ಬ ಹೆಂಗಸು ಬಿದ್ದಳು. ಯಾರೋ ನಕ್ಕರು. ಎಲ್ಲರಿಗಿಂತ ಹಳೆಯ ಕುಣಿತಗಾರ ಆ್ಯಂಬ್ರೋಸ್ ಕೈ ಎತ್ತಿ, "ನಿಲ್ಸಿ, ನಿಲ್ಸಿ," ಅಂದ. ಪಿಯಾನೋ ನಿಂತಿತು. ಐಲ್ಸಾ ಇನ್ನೂ ನಾಲ್ಕು ಕಮಾನು ನುಡಿಸಿ ಆಮೇಲೆ ನಿಂತಳು.

"ಸ್ವರ ಎಲ್ಲಾ ಸರಿ ಇದೆ," ಅಂದ ಆ್ಯಂಬ್ರೋಸ್, "ಕುಣಿಯೋಕೆ ಏನೂ ಇಲ್ಲ. ಯಾರಪ್ಪಾ ಈ ಮಗೂಗೆ ಕಲ್ಸಿದ್ದು?"

ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಬಾಗಿಲ ಹತ್ತಿರ ನಿಂತಿದ್ದ ಲಾಕಿಯನ್ನು ನೋಡಿದರು.

"ನಾನು ಮಟ್ಟು ಕಲಿಸ್ಬಹುದು," ಅಂದ ಲಾಕಿ. "ಕಾಲು ಕಲಿಸೋಕಾಗಲ್ಲ. ಅದು ಇಲ್ಲಿ ಹುಟ್ಟಿದವರಿಗೆ ಬರೋದು. ಹೊರಗೆ ಹುಟ್ಟಿದ ಮಕ್ಕಳಿಗೆ ಬರಲ್ಲ."

"ಅದು ಸರಿ," "ಅದು ನಿಜ," ಎಂದರು ಅವರಿವರು. ಅದು ನಮ್ಮೂರಿನವರಿಗೆ ಕೇಳಲು ಹಿತವಾದ ಮಾತು. ಲಾಕಿ ವೇದಿಕೆ ಹತ್ತಿ ಹುಡುಗಿಯ ಕೈಯಿಂದ ಪಿಟೀಲು ತೆಗೆದುಕೊಂಡ. ಕೇಳಲಿಲ್ಲ, ತೆಗೆದುಕೊಂಡ. ಅವಳು ಕುರ್ಚಿ ಬಿಟ್ಟು ಎದ್ದಳು. ಊದಿದ ಬೆರಳಿನಲ್ಲೇ ಅವನು ಮೂರನೆಯದನ್ನು ಮೊದಲಿನಿಂದ ನುಡಿಸಿದ, ಬೂಟುಗಳು ಹಲಗೆ ಬಡಿದವು, ಜನ ಕುಣಿದರು.

ಐಲ್ಸಾ ನನ್ನ ಚಹಾ ಮೇಜಿನ ಹತ್ತಿರ ಬಂದು ನಿಂತಳು. ಕೈಗಳನ್ನು ಏನು ಮಾಡುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ಮರ್ಡೀನಾ ಅಜ್ಜಿ, ಅದು ಹುಟ್ಟಿನಿಂದಲೇ ಬರ್ಬೇಕಾ?"

"ದೊಡ್ಡವರು ಹಾಗಂತಾರಮ್ಮ," ಅಂದೆ. "ತಗೋ, ಓಟ್ಸ್ ಬಿಸ್ಕತ್ತು ತಿನ್ನು."

ತಿನ್ನಲಿಲ್ಲ. ಬುಧವಾರ ಅವರು ಹೊರಟುಹೋದರು. ಲಾಕಿ ಬೀಳ್ಕೊಡಲು ಬರಲಿಲ್ಲ, ಹುಲ್ಲು ಒಣಗಿಸುವುದಿತ್ತಂತೆ.

ಮುಂದಿನ ಮಂಗಳವಾರ ಏಳು ಗಂಟೆಗೆ ಲಾಕಿ ಬಂದ. ಹಸಿರು ಗುಂಡಿ ಒತ್ತಿ ಕಾದೆವು, ಆ ಕಡೆಯಿಂದ ಯಾರೂ ಬರಲಿಲ್ಲ. ಅದರ ಮುಂದಿನ ಮಂಗಳವಾರವೂ ಬಂದ. ಮೂರನೇ ಸಾರಿ, ಸುಮ್ಮನೆ ಕೂರಲಾರದೆ, ಕಪ್ಪು ಪರದೆಯ ಮುಂದೆ ಆ ವೇಗದ ಮಟ್ಟನ್ನೇ ನುಡಿಸತೊಡಗಿದ. ನನ್ನ ನೂಲಿನ ಉಂಡೆ ಮೇಜಿನ ಕೆಳಗೆ ಉರುಳಿತು. ತೆಗೆಯಲು ಬಗ್ಗಿದೆ. ಬಗ್ಗಿದವಳು ಅಲ್ಲೇ ನಿಂತೆ. ಬೂದು ಬಣ್ಣದ ಕಾಲುಚೀಲದ ಎರಡು ಪಾದಗಳು ನನ್ನ ಮೇಪಲ್ ನೆಲವನ್ನು ಹೊಡೆಯುತ್ತಿದ್ದವು, ಜೋರಾಗಿಯೇ ಹೊಡೆಯುತ್ತಿದ್ದವು, ಒಂದು ಚೂರು ಸದ್ದಿರಲಿಲ್ಲ.

"ಲಾಕಿ, ನಿಲ್ಸು," ಅಂದೆ. "ಅವಳಿಗೆ ನಿನ್ನ ಕಾಲು ಕೇಳ್ಲೇ ಇಲ್ಲ. ಕಾಣ್ಲೂ ಇಲ್ಲ. ಮೂರು ವರ್ಷ."

ಅವನು ತನ್ನ ಕಾಲು ನೋಡಿಕೊಂಡ. ಪರದೆ ನೋಡಿದ. ಮತ್ತೆ ಕಾಲು ನೋಡಿಕೊಂಡ.

"ನಿನ್ನ ಹಾಳು ನೆಲ," ಅಂದ.

"ನನ್ನ ನೆಲ ಹೌದು. ಆ ಮಗು 'ನಾನೇ ನಿಲ್ತಿದ್ದೀನಿ' ಅಂದಾಗ ತಂತಿ ಅಂದವನು ಯಾರು?"

"ನೀನೂ ಹೂಂ ಅಂದೆ."

"ಅಂದೆ. ಹಾಲ್‌ನಲ್ಲಿ ಹುಟ್ಟಿನ ಮಾತಾಡ್ದವನು ಯಾರು? ಅದಕ್ಕೆ ನಾನು ಹೂಂ ಅನ್ಲಿಲ್ಲ."

ಹಾಗಂದೆ. ಚಹಾ ಮೇಜಿನ ಹತ್ತಿರ ಮಗುವಿಗೆ ನಾನು ಹೇಳಿದ್ದು ಹೂಂ ಅಂದದ್ದಕ್ಕಿಂತ ಬೇರೆಯೇನಲ್ಲ, ಅದನ್ನು ಅವನಿಗೆ ಹೇಳಲಿಲ್ಲ.

"ಈಗಲೇ ಫೋನ್ ಮಾಡು," ಅಂದೆ. "ತಪ್ಪು ನಿನ್ನದಲ್ಲ ಪುಟ್ಟಿ, ಬೂಟು ಹಾಕ್ಕೊಂಡು ಮತ್ತೆ ಕಲಿಸ್ತೀನಿ ಅನ್ನು. ಕಂಪ್ಯೂಟರ್ ಡಬ್ಬೀನ ನೆಲದ ಮೇಲೇ ಇಡೋಣ, ಕಾಲು ಕಾಣ್ಲಿ. ನೆಲ ಹಾಳಾದ್ರೆ ಆಗ್ಲಿ."

"ಮಾಡ್ತೀನಿ. ಇವತ್ತು ಬೇಡ."

ಹುಲ್ಲು ಮುಗಿಯಲಿ ಅಂದ. ಹುಲ್ಲು ಮುಗಿದ ಮೇಲೆ, ನವೆಂಬರಿನ ಸಂತರ ಹಬ್ಬ ಕಳೆಯಲಿ ಅಂದ. ಲಾಕಿ ರೋರಿ ಸ್ಯಾಂಡಿ ಮೂರು ವರ್ಷ ಕಾಲುಚೀಲದಲ್ಲಿ ಕುಣಿತದ ಪಿಟೀಲು ಕಲಿಸಿದ ಎಂದು ಊರು ನಗುವುದನ್ನು ಅವನು ನೋಡಲಾರದವನಾಗಿದ್ದ. ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಯಾರಾದರೂ ಆ ದಿನದ ಮಾತು ತೆಗೆದರೆ, "ಪಾಪ, ಅವಳು ಅಲ್ಲಿ ಹುಟ್ಟಿದ್ಲು," ಎನ್ನುತ್ತಿದ್ದ. ನಾನು ಪಕ್ಕದಲ್ಲಿ ಇದ್ದಾಗಲೂ ಅಂದ. ನಾನು ನನ್ನ ಚೀಲ ಸರಿಮಾಡಿಕೊಳ್ಳುತ್ತಿದ್ದೆ.

ಅಕ್ಟೋಬರಿಗೆ ಬೆರಳು ಮಡಿಸಲಾಗದೆ ಹೋಯಿತು. ಹಾಲ್‌ಗೆ ಸ್ಪೀಕರ್ ಡಬ್ಬಿ ಬಂತು. ಈಗಲೂ ಅದಕ್ಕೇ ಕುಣಿಯುತ್ತಾರೆ.

ಕ್ರಿಸ್‌ಮಸ್‌ನ ಮರುದಿನ ಶೋನಾ ನನ್ನ ಪರದೆಗೆ ಬಂದಳು. ಲಾಕಿ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ, ಮೇಜಿನ ಆಚೆ ಬದಿಯಲ್ಲಿ ಕೂತಿದ್ದ. ಅಲ್ಲಿ ಕೂತವನು ಅವಳಿಗೆ ಕಾಣುವುದಿಲ್ಲ.

"ಐಲ್ಸಾ ಹೇಗಿದ್ದಾಳೆ?" ಎಂದು ಕೇಳಿದೆ.

"ಐಸ್-ಹಾಕಿ ತಂಡಕ್ಕೆ ಸೇರ್ಕೊಂಡಿದ್ದಾಳೆ ಅತ್ತೆ. ಪಿಟೀಲು ಮಂಚದ ಕೆಳಗಿದೆ. ನಾನು ಹೇಳಿ ಹೇಳಿ ಸಾಕಾಯ್ತು. 'ಅಮ್ಮಾ, ನಾನು ಅಲ್ಲಿ ಹುಟ್ಟಿಲ್ಲ, ನಂಗೆ ಬರಲ್ಲ' ಅಂತಾಳೆ. ಒಂದು ದಿನ ನನ್ನನ್ನೇ ಕೇಳಿದ್ಲು, ಇಲ್ಲಿ ಯಾಕೆ ಹೆತ್ತೆ ಅಂತ." ಶೋನಾ ನಗಲು ನೋಡಿದಳು. "ಲಾಕಿ ಮಾಮ ಏನಾದ್ರೂ ಹೇಳಿದ್ರಾ? ಅವರು ಒಂದು ಮಾತು ಹೇಳಿದ್ರೆ ತೆಗೀತಾಳೇನೋ."

ನಾನು ಮೇಜಿನ ಆಚೆ ನೋಡಿದೆ. ಲಾಕಿ ತಲೆ ಅಲ್ಲಾಡಿಸಿದ, ಬೇಡ ಎಂದು. ಒಂದು ಸಾರಿಯಲ್ಲ, ಮೂರು ಸಾರಿ.

"ಅವನಿಗೆ ಹುಷಾರಿಲ್ಲಮ್ಮ," ಅಂದೆ. "ಜಾಸ್ತಿ ಮಾತಾಡಲ್ಲ."

ಆವತ್ತು ಅದು ಸುಳ್ಳಾಗಿತ್ತು. ಫೆಬ್ರವರಿಗೆ ನಿಜವಾಯಿತು. ಶ್ವಾಸಕೋಶದಲ್ಲಿ ನೀರು ತುಂಬಿ ಅವನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ನಾನು ವಾರಕ್ಕೆ ಎರಡು ಸಾರಿ ಬ್ಲಾಂಚ್‌ಳ ಕಾರಿನಲ್ಲಿ ಹೋಗುತ್ತಿದ್ದೆ. ಮಾರ್ಚ್ ಹನ್ನೆರಡರಂದು ಹೋದಾಗ ಪಾದ್ರಿ ಆಗಷ್ಟೇ ಕೊನೆಯ ಸಂಸ್ಕಾರದ ಎಣ್ಣೆ ಹಚ್ಚಿ, ಪಾಪ ನಿವೇದನೆ ಕೇಳಿಕೊಂಡು ಹೊರಗೆ ಬರುತ್ತಿದ್ದರು. ಬ್ಲಾಂಚ್ ಅವರ ಜೊತೆ ಮಾತಾಡುತ್ತ ಹೊರಗೇ ನಿಂತಳು. ಲಾಕಿ ಮೂಗಿನ ಕೊಳವೆಯಲ್ಲಿ ಉಸಿರಾಡುತ್ತಿದ್ದ. ದಿಂಬು ಎತ್ತರಿಸಿ ಕೊಟ್ಟೆ, ತುಟಿಗೆ ನೀರು ಮುಟ್ಟಿಸಿದೆ. ಪಾದ್ರಿಯ ಹತ್ತಿರ ಹೇಳಬೇಕಾದ್ದೆಲ್ಲ ಹೇಳಿದೆಯಾ ಎಂದು ಕೇಳಿದೆ. ಹೇಳಿದೆ ಎಂದು ತಲೆ ಆಡಿಸಿದ. ಆಮೇಲೆ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡು, ಬಾಗಿಲ ಕಡೆ ಒಂದು ಸಾರಿ ನೋಡಿ, ಕೇಳಿದ:

"ಮರ್ಡೀನಾ, ಆ ಹುಡುಗಿಗೆ ನೀನು ಕಾಲುಚೀಲದ ವಿಷಯ ಹೇಳ್ಬಿಟ್ಟಿಲ್ಲ ತಾನೇ?"